ಮೂರ್ಛೆಯ ಹಿಂದಿರುವ ಮಿಶ್ರಗಂತಿ

ತರಗತಿಯಲ್ಲಿ ಪಾಠ ನಡೆಯುತ್ತಿದೆ ಎಂದು ಭಾವಿಸೋಣ. ಗುಂಡ್ಲುಪೇಟೆಯ ಸುತ್ತಣ ಹಳ್ಳಿಯೊಂದರಿಂದ ಬಸ್ಸಿನಲ್ಲಿ ಬರುವ ಹದಿನಾರು ವರ್ಷದ ಹುಡುಗನೊಬ್ಬ ಮುಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಬರೆಯುತ್ತಿದ್ದವನು ಇದ್ದಕ್ಕಿದ್ದಂತೆ ಲೇಖನಿಯನ್ನು ನಿಲ್ಲಿಸುವನು. ಹೊಟ್ಟೆಯೊಳಗಿನಿಂದ ಏನೋ ಮೇಲೆದ್ದು ಬಂದಂತೆ ಅವನಿಗೆ ತೋರುವುದು. ಹಿಂದೆಂದೋ ಇದೇ ಗಳಿಗೆಯನ್ನು ಒಮ್ಮೆ ಅನುಭವಿಸಿದ್ದೆನೆಂಬ ವಿಚಿತ್ರ ಭಾವ ಮೂಡುವುದು. ಬಳಿಕ ನೋಟ ಒಂದೆಡೆ ನೆಟ್ಟು ನಿಲ್ಲುವುದು. ತುಟಿಗಳು ಏನನ್ನೋ ಚಪ್ಪರಿಸುವಂತೆ ಆಡುವುವು. ಬೆರಳುಗಳು ಅಂಗಿಯ ಗುಂಡಿಯನ್ನು ತಡಕಾಡುವುವು. ಅಧ್ಯಾಪಕರು ಹೆಸರು ಹಿಡಿದು ಕರೆದರೂ ಉತ್ತರವಿಲ್ಲ. ಒಂದೆರಡು ನಿಮಿಷಗಳ ತರುವಾಯ ಎಚ್ಚರಗೊಂಡವನಿಗೆ ನಡೆದುದರ ನೆನಪು ಇರುವುದಿಲ್ಲ.

ಇಂಥ ಹುಡುಗನಿಗೆ ಸಾಮಾನ್ಯವಾಗಿ ದೊರೆಯುವುದು ಬೈಗುಳ. ‘ಪಾಠದ ಮೇಲೆ ಗಮನವಿಲ್ಲ’ ಎಂಬ ತೀರ್ಪನ್ನು ನಾವು ಅಧ್ಯಾಪಕರು ಎಷ್ಟು ಸುಲಭವಾಗಿ ಕೊಟ್ಟುಬಿಡುತ್ತೇವೆಂಬುದನ್ನು ನಾನು ಬಲ್ಲೆ. ಮನೆಯವರು ‘ಗಾಳಿ ಸೋಕಿದೆ’ ಎಂದು ತಾಯಿತ ಕಟ್ಟಿಸಬಹುದು. ವಾಸ್ತವವಾಗಿ ಅವನಿಗೆ ಬಂದದ್ದು ಮೂರ್ಛೆಯ ಒಂದು ಬಗೆ. ಮೂರ್ಛೆ ಎಂದರೆ ನೆಲಕ್ಕೆ ಬಿದ್ದು ಕೈಕಾಲು ಬಡಿಯುವುದು ಮಾತ್ರವೇ ಅಲ್ಲ. ಕಿವಿಯ ಒಳಬದಿಗೆ, ವೈದ್ಯರು ಟೆಂಪೊರಲ್ ಹಾಲೆ ಎಂದು ಕರೆಯುವ ಮೆದುಳಿನ ಭಾಗದಲ್ಲಿ ಹುಟ್ಟುವ ಮೂರ್ಛೆಯು ಹೆಚ್ಚಾಗಿ ಈ ರೂಪದಲ್ಲಿಯೇ ಕಾಣಿಸಿಕೊಳ್ಳುವುದು.

ಮೂರ್ಛೆಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಬಲು ಅಪರೂಪವಾದುದು. ಆದರೂ ವಿದ್ಯಾರ್ಥಿಗಳು ತಿಳಿದಿರಬೇಕಾದುದು. ಅದು ನರಕೋಶಗಳೂ ಅವುಗಳ ಆಸರೆಯ ಕೋಶಗಳೂ ಬೆರೆತು ಬೆಳೆದ ಒಂದು ಚಿಕ್ಕ ಗಂತಿ. ಮೆದುಳಿನಲ್ಲಿ ಗಂತಿ ಎಂದೊಡನೆ ಎದೆ ನಡುಗುವುದು ಸಹಜ. ಆದರೆ ಈ ಜಾತಿಯ ಗಂತಿಯು ಬಹುಮಟ್ಟಿಗೆ ಸೌಮ್ಯ ಸ್ವಭಾವದ್ದು, ನಿಧಾನವಾಗಿ ಬೆಳೆಯುವಂಥದು, ತೆಗೆದುಹಾಕಬಹುದಾದುದು. ಅದರಿಂದ ಆಗುವ ದೊಡ್ಡ ಹಾನಿಯೆಂದರೆ ಅದನ್ನು ಹುಡುಕದೆ ಕಳೆಯುವ ವರ್ಷಗಳು.

ಯಳಂದೂರಿನ ಪಾಠ

ಮೊದಲು ಮೂರ್ಛೆ ಎಷ್ಟು ಮಂದಿಯಲ್ಲಿ ಇದೆ ಎಂಬುದನ್ನು ನೋಡೋಣ. ಬೆಂಗಳೂರು ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ಸಮೀಕ್ಷೆಯೊಂದರ ಫಲಿತಾಂಶವು ೨೦೦೪ರಲ್ಲಿ ಪ್ರಕಟವಾಯಿತು. ಅದರಂತೆ ಸಾವಿರ ಜನರಲ್ಲಿ ಸುಮಾರು ೯ ಮಂದಿಗೆ ಮೂರ್ಛೆರೋಗವಿದ್ದಿತು. ಹಳ್ಳಿಗಳಲ್ಲಿ ಈ ಪ್ರಮಾಣ ಸಾವಿರಕ್ಕೆ ಸುಮಾರು ೧೨. ನಗರದಲ್ಲಿ ಸುಮಾರು ೬. ಚಾಮರಾಜನಗರ ಜಿಲ್ಲೆಯ ಜನಸಂಖ್ಯೆ ೨೦೧೧ರ ಜನಗಣತಿಯಲ್ಲಿ ೧೦ ಲಕ್ಷವನ್ನು ದಾಟಿದ್ದಿತು. ಸಾವಿರಕ್ಕೆ ೯ರ ಪ್ರಮಾಣವೇ ಇಲ್ಲಿಯೂ ಇದ್ದರೆ, ಈ ಒಂದು ಜಿಲ್ಲೆಯಲ್ಲಿಯೇ ೯,೦೦೦ದಷ್ಟು ಮಂದಿಗೆ ಈ ಕಾಯಿಲೆ ಇರಬೇಕೆಂದು ಲೆಕ್ಕ ಹಾಕಬಹುದು.

ಈ ಜಿಲ್ಲೆಯ ಹೆಸರು ಮೂರ್ಛೆರೋಗದ ಚರಿತ್ರೆಯಲ್ಲಿ ಬೇರೊಂದು ಕಾರಣದಿಂದಲೂ ಉಳಿದಿದೆ. ಚಾಮರಾಜನಗರದಿಂದ ಕೊಳ್ಳೇಗಾಲದ ಕಡೆಗೆ ಹೋಗುವಾಗ ಸಂತೇಮರಹಳ್ಳಿಯನ್ನು ದಾಟಿದ ಬಳಿಕ ಯಳಂದೂರು ದೊರೆಯುವುದು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಈ ತಾಲ್ಲೂಕಿನಲ್ಲಿ ನರರೋಗ ತಜ್ಞರಾದ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ೧೯೯೦ರ ದಶಕದಲ್ಲಿ ಹಳ್ಳಿಹಳ್ಳಿಯಲ್ಲಿ ಮೂರ್ಛೆರೋಗಿಗಳನ್ನು ಗುರುತಿಸಿ ಚಿಕಿತ್ಸೆ ನಡೆಸಿದರು. ಅವರು ಬಳಸಿದ ಔಷಧಗಳು ಎರಡು: ೧೯೧೨ರಿಂದ ಬಳಕೆಯಲ್ಲಿರುವ ಫೀನೋಬಾರ್ಬಿಟಾಲ್ ಮತ್ತು ೧೯೩೮ರಿಂದ ಬಳಕೆಯಲ್ಲಿರುವ ಫೆನಿಟಾಯಿನ್. ಇವೆರಡೂ ಅಗ್ಗವಾದ ಮಾತ್ರೆಗಳು. ಇಂಥ ಹಳೆಯ ಔಷಧಗಳಿಂದಲೇ, ದೊಡ್ಡ ಆಸ್ಪತ್ರೆಯ ನೆರವಿಲ್ಲದೆ, ಹಳ್ಳಿಯಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದೆಂಬ ಅವರ ವರದಿಯನ್ನು ೨೦೦೧ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ‘ಯಳಂದೂರು ಅಧ್ಯಯನ’ ಎಂಬ ಹೆಸರಿನಿಂದಲೇ ಅದು ವೈದ್ಯಲೋಕಕ್ಕೆ ಪರಿಚಿತವಾಗಿದೆ.

ಹೀಗೆ ಮೂರ್ಛೆ ಇರುವವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಔಷಧದಿಂದಲೇ ಗುಣ ಕಾಣುವರು. ಉಳಿದ ಒಂದು ಪಾಲಿನವರಿಗೆ ಮಾತ್ರೆ ನುಂಗಿದರೂ ಮೂರ್ಛೆ ಮರುಕಳಿಸುತ್ತಲೇ ಇರುವುದು. ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ಮೂರ್ಛೆ ನಿಲ್ಲದಿದ್ದರೆ ಅದನ್ನು ‘ಔಷಧಕ್ಕೆ ಮಣಿಯದ ಮೂರ್ಛೆ’ ಎಂದು ಕರೆಯಬೇಕೆಂದು ಮೂರ್ಛೆರೋಗದ ಅಂತರರಾಷ್ಟ್ರೀಯ ಸಂಘವು ೨೦೧೦ರಲ್ಲಿ ನಿರ್ಧರಿಸಿತು. ನಮ್ಮ ಮಿಶ್ರಗಂತಿಯು ಅಡಗಿರುವುದು ಈ ಮೂರನೆಯ ಪಾಲಿನಲ್ಲಿ. ಅದು ಅಲ್ಲಿ ಏಕೆ ಅಡಗಿರುವುದೆಂದು ತಿಳಿಯಲು ಮೆದುಳಿನ ರಚನೆಯನ್ನು ಸ್ವಲ್ಪ ಅರಿಯಬೇಕು.

ಮೆದುಳಿನ ಇಬ್ಬರು ನಿವಾಸಿಗಳು

ಮೆದುಳಿನಲ್ಲಿ ಮುಖ್ಯವಾಗಿ ಎರಡು ಬಗೆಯ ಕೋಶಗಳಿವೆ. ಮೊದಲನೆಯವು ನರಕೋಶಗಳು. ಸುದ್ದಿಯನ್ನು ಸಾಗಿಸುವ ಕೆಲಸ ಇವುಗಳದು. ಎರಡನೆಯವು ಗ್ಲಯಾ ಕೋಶಗಳು. ೧೮೫೬ರಲ್ಲಿ ಜರ್ಮನಿಯ ವೈದ್ಯವಿಜ್ಞಾನಿ ರುಡಾಲ್ಫ್ ವಿರ್ಖೋ ಇವುಗಳಿಗೆ ಈ ಹೆಸರನ್ನಿಟ್ಟನು. ಗ್ರೀಕ್ ಭಾಷೆಯಲ್ಲಿ ‘ಗ್ಲಯಾ’ ಎಂದರೆ ಅಂಟು. ಇಟ್ಟಿಗೆಗಳ ನಡುವೆ ಗಾರೆ ಇರುವಂತೆ ನರಕೋಶಗಳ ನಡುವೆ ಇವು ತುಂಬಿಕೊಂಡಿವೆ ಎಂಬುದು ಅವನ ಎಣಿಕೆಯಾಗಿದ್ದಿತು. ೧೮೭೩ರಲ್ಲಿ ಇಟಲಿಯ ಕಮಿಲೊ ಗಾಲ್ಜಿ ಬೆಳ್ಳಿಯ ಲವಣದಿಂದ ಕೋಶಗಳಿಗೆ ಬಣ್ಣ ಕಟ್ಟುವ ವಿಧಾನವನ್ನು ಕಂಡುಹಿಡಿದನು. ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲನು ಆ ವಿಧಾನವನ್ನು ಬಳಸಿ ನರಕೋಶಗಳ ಸೂಕ್ಷ್ಮ ರೂಪವನ್ನು ಚಿತ್ರಿಸಿದನು. ಇವರಿಬ್ಬರಿಗೂ ೧೯೦೬ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಗ್ಲಯಾ ಕೋಶಗಳ ಸಂಖ್ಯೆ ನರಕೋಶಗಳ ಹತ್ತರಷ್ಟು ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತಿದ್ದವು. ೨೦೦೯ರಲ್ಲಿ ಬ್ರೆಜಿಲಿನ ವಿಜ್ಞಾನಿಗಳು ಹೊಸ ವಿಧಾನದಿಂದ ಎಣಿಸಿದಾಗ ಮನುಷ್ಯನ ಮೆದುಳಿನಲ್ಲಿ ನರಕೋಶಗಳು ಸುಮಾರು ೮,೬೦೦ ಕೋಟಿ ಇರುವುವೆಂದೂ, ಇತರ ಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಎಂದೂ ತಿಳಿದುಬಂದಿತು. ಆದುದರಿಂದ ಇದು ಒಂದಕ್ಕೆ ಒಂದರಂತೆ ಇರುವ ಜೋಡಿ ಸಂಸಾರ.

ಗ್ಲಯಾ ಬರಿಯ ಗಾರೆಯಲ್ಲವೆಂಬುದೂ ಈಗ ಗೊತ್ತಾಗಿದೆ. ನರಕೋಶಕ್ಕೆ ಆಹಾರವನ್ನು ಒದಗಿಸುವುದು, ನರತಂತುವಿಗೆ ಹೊದಿಕೆ ಸುತ್ತುವುದು, ಉಳಿದ ರಾಸಾಯನಿಕ ವಸ್ತುಗಳನ್ನು ಹೀರಿ ಸ್ಥಳವನ್ನು ಶುದ್ಧವಾಗಿಡುವುದು, ಇವೆಲ್ಲವೂ ಅದರ ಕೆಲಸವೇ. ಗರ್ಭದಲ್ಲಿ ಮೆದುಳು ರೂಪುಗೊಳ್ಳುವಾಗ ಈ ಎರಡು ಬಗೆಯ ಕೋಶಗಳೂ ಒಂದೇ ಮೂಲಕೋಶದ ಸಂತತಿಯಾಗಿ ಹುಟ್ಟುವುವು. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮಿಶ್ರಗಂತಿಯ ಗುಟ್ಟು ಇರುವುದು ಇಲ್ಲಿಯೇ.

ಮೆದುಳಿನ ವಿದ್ಯುತ್ತು

ನರಕೋಶದ ಒಳಗೂ ಹೊರಗೂ ಲವಣಗಳ ಅಯಾನುಗಳಿವೆ. ಪೊಟ್ಯಾಸಿಯಂ ಒಳಗೆ ಹೆಚ್ಚು, ಹೊರಗೆ ಕಡಿಮೆ; ಸೋಡಿಯಂ ಹೊರಗೆ ಹೆಚ್ಚು, ಒಳಗೆ ಕಡಿಮೆ. ಈ ಅಸಮತೆಯಿಂದಾಗಿ ಕೋಶದ ಒಳಭಾಗವು ಹೊರಭಾಗಕ್ಕಿಂತ ಸುಮಾರು ೭೦ ಮಿಲಿವೋಲ್ಟಿನಷ್ಟು ಋಣವಾಗಿರುವುದು. ಟಾರ್ಚಿನ ಶುಷ್ಕಕೋಶದ ೧.೫ ವೋಲ್ಟಿಗೆ ಹೋಲಿಸಿದರೆ ಇದು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಆದರೆ ಕೋಶದ ಪೊರೆಯ ದಪ್ಪ ಒಂದು ಮೀಟರಿನ ನೂರು ಕೋಟಿಯಲ್ಲಿ ಸುಮಾರು ೭ ಭಾಗ. ವಿಭವಾಂತರವನ್ನು ದಪ್ಪದಿಂದ ಭಾಗಿಸಿದರೆ ಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟಿನ ವಿದ್ಯುತ್‌ಕ್ಷೇತ್ರ ಬರುವುದು. ಒಣ ಗಾಳಿಯಲ್ಲಿ ಮೀಟರಿಗೆ ಸುಮಾರು ೩೦ ಲಕ್ಷ ವೋಲ್ಟಿನ ಕ್ಷೇತ್ರವಿದ್ದರೆ ಕಿಡಿ ಹಾರುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಅದರ ಮೂರು ಪಾಲಿಗೂ ಹೆಚ್ಚಿನ ಕ್ಷೇತ್ರವನ್ನು ನಮ್ಮ ಒಂದೊಂದು ನರಕೋಶದ ಪೊರೆಯೂ ಹಗಲಿರುಳು ತಡೆದುಕೊಂಡಿದೆ.

ನರಕೋಶವು ಸುದ್ದಿ ಕಳುಹಿಸುವಾಗ ಪೊರೆಯ ದ್ವಾರಗಳು ತೆರೆಯುವುವು. ಸೋಡಿಯಂ ಒಳನುಗ್ಗುವುದು, ಬಳಿಕ ಪೊಟ್ಯಾಸಿಯಂ ಹೊರಬರುವುದು. ಹೊರಬಂದ ಪೊಟ್ಯಾಸಿಯಂ ಅಲ್ಲಿಯೇ ನಿಂತರೆ ನೆರೆಯ ನರಕೋಶಗಳೂ ಕೆರಳುವುವು. ಅದನ್ನು ಹೀರಿಕೊಂಡು ದೂರ ಸಾಗಿಸುವುದು ಗ್ಲಯಾ ಕೋಶದ ಕೆಲಸ. ಚಾಮರಾಜನಗರದ ಕಡೆ ಅರಿಶಿನ ಬೆಳೆಯುವ ರೈತನು ಪಾತಿಯಲ್ಲಿ ನೀರು ನಿಲ್ಲದಂತೆ ಬಸಿಗಾಲುವೆ ತೋಡುವನು. ನೀರು ಬೇಕು, ಆದರೆ ನಿಲ್ಲಬಾರದು. ಮೆದುಳಿನಲ್ಲಿ ಪೊಟ್ಯಾಸಿಯಂ ವಿಷಯವೂ ಹಾಗೆಯೇ. ಅಲ್ಲಿ ಗ್ಲಯಾ ಕೋಶವೇ ಬಸಿಗಾಲುವೆ.

ನರಕೋಶಗಳ ಗುಂಪೊಂದು ಅತಿಯಾಗಿ, ಒಮ್ಮೆಲೇ, ಹತೋಟಿ ಮೀರಿ ವಿದ್ಯುತ್ತನ್ನು ಹರಿಯಬಿಡುವುದೇ ಮೂರ್ಛೆ ಎಂದು ಇಂಗ್ಲೆಂಡಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ೧೮೭೦ರ ದಶಕದಲ್ಲಿಯೇ ತರ್ಕಿಸಿದ್ದನು. ಮನುಷ್ಯನ ಮೆದುಳಿನ ವಿದ್ಯುತ್ತನ್ನು ಅಳೆಯುವ ಸಾಧನವು ಆಗ ಇರಲಿಲ್ಲ. ಈಗ ಯೋಚಿಸಿರಿ: ಒಂದೇ ಸ್ಥಳದಲ್ಲಿ ನರಕೋಶಗಳೂ ತಪ್ಪು ರೂಪದಲ್ಲಿ ಬೆಳೆದು, ಅವುಗಳ ಸುತ್ತಣ ಗ್ಲಯಾ ಕೋಶಗಳೂ ಕೆಟ್ಟಿದ್ದರೆ ಏನಾದೀತು? ಕಿಡಿ ಹೊತ್ತಿಸುವವನೂ ಅಲ್ಲಿಯೇ ಇರುವನು. ಆರಿಸಬೇಕಾದವನು ಕೆಲಸ ಮರೆತಿರುವನು. ಮಿಶ್ರಗಂತಿಯು ಗಾತ್ರದಲ್ಲಿ ಚಿಕ್ಕದಾಗಿದ್ದರೂ ಮೂರ್ಛೆಯನ್ನು ಉಂಟುಮಾಡುವುದರಲ್ಲಿ ಬಲಶಾಲಿಯಾಗಿರುವುದು ಇದರಿಂದಲೇ.

ಗಂತಿಯ ಸ್ವರೂಪ

ಮೆದುಳಿನ ಗಂತಿಗಳಲ್ಲಿ ಬಹಳಷ್ಟು ಗ್ಲಯಾ ಕೋಶಗಳಿಂದಾಗಲಿ, ಮೆದುಳಿನ ಹೊದಿಕೆಯಿಂದಾಗಲಿ ಹುಟ್ಟಿದವು. ಪ್ರೌಢ ನರಕೋಶವು ಸಾಮಾನ್ಯವಾಗಿ ವಿಭಜನೆಯನ್ನು ಹೊಂದುವುದಿಲ್ಲ. ಆದುದರಿಂದ ನರಕೋಶಗಳಿರುವ ಗಂತಿಯು ಅಪರೂಪ. ನರಕೋಶ ಮತ್ತು ಗ್ಲಯಾ ಎರಡೂ ಬೆರೆತ ಗಂತಿಗೆ ‘ಗ್ಯಾಂಗ್ಲಿಯೊಗ್ಲಯೋಮಾ’ ಎಂದು ಹೆಸರು. ಅಮೆರಿಕದ ರೋಗವಿಜ್ಞಾನಿ ಸಿರಿಲ್ ಕೂರ್ವಿಲ್ ೧೯೩೦ರಲ್ಲಿ ಇದನ್ನು ಕುರಿತು ವಿಸ್ತಾರವಾಗಿ ಬರೆದ ಮೇಲೆ ಈ ಹೆಸರು ಬಳಕೆಗೆ ಬಂದಿತು. ಮೆದುಳಿನ ಎಲ್ಲ ಗಂತಿಗಳಲ್ಲಿ ಇದರ ಪಾಲು ನೂರಕ್ಕೆ ಒಂದರ ಆಸುಪಾಸು. ಹೆಚ್ಚಾಗಿ ಮಕ್ಕಳಲ್ಲಿಯೂ ತರುಣರಲ್ಲಿಯೂ ಕಾಣಿಸಿಕೊಳ್ಳುವುದು; ಬಹುಪಾಲು ಟೆಂಪೊರಲ್ ಹಾಲೆಯಲ್ಲಿಯೇ ನೆಲೆಸುವುದು.

ಇದಕ್ಕೆ ಕೆಲವು ಬಂಧುಗಳಿವೆ. ೧೯೨೦ರಲ್ಲಿ ಫ್ರಾನ್ಸಿನ ಲೆರ್ಮಿತ್ ಮತ್ತು ದ್ಯುಕ್ಲೊ ಎಂಬ ವೈದ್ಯರು ಕಿರುಮೆದುಳಿನಲ್ಲಿ ನರಕೋಶಗಳು ಊದಿಕೊಂಡು ಬೆಳೆಯುವ ಒಂದು ವಿಕಾರವನ್ನು ವರ್ಣಿಸಿದರು. ೧೯೮೮ರಲ್ಲಿ ಫ್ರಾನ್ಸಿನವರೇ ಆದ ಕ್ಯಾಥರೀನ್ ಡೋಮಾ-ದ್ಯುಪೋರ್ ಮತ್ತು ಸಂಗಡಿಗರು, ಔಷಧಕ್ಕೆ ಮಣಿಯದ ಮೂರ್ಛೆಯಿದ್ದ ೩೯ ತರುಣ ರೋಗಿಗಳ ಗಂತಿಗಳನ್ನು ಪರೀಕ್ಷಿಸಿ, ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಮತ್ತೊಂದು ಮಿಶ್ರಜಾತಿಯನ್ನು ಗುರುತಿಸಿದರು. ಅದನ್ನು ಇಂದು ‘ಡಿ.ಎನ್.ಇ.ಟಿ.’ ಎಂಬ ಮೊದಲಕ್ಷರಗಳಿಂದ ಕರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಈ ಮಿಶ್ರಗಂತಿಗಳಿಗೂ ನರಕೋಶ ಗಂತಿಗಳಿಗೂ ಪ್ರತ್ಯೇಕ ವಿಭಾಗವೇ ಇದೆ. ಗ್ಯಾಂಗ್ಲಿಯೊಗ್ಲಯೋಮಾಕ್ಕೂ ಡಿ.ಎನ್.ಇ.ಟಿ.ಗೂ ಅಲ್ಲಿ ಕೊಟ್ಟಿರುವುದು ಒಂದನೆಯ ದರ್ಜೆ, ಎಂದರೆ ಎಲ್ಲಕ್ಕಿಂತ ಸೌಮ್ಯವಾದ ದರ್ಜೆ.

ತೆಗೆದ ಗಂತಿಯ ತೆಳುವಾದ ಪದರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವಿಚಿತ್ರವಾದ ನೋಟ ಕಾಣುವುದು. ನರಕೋಶಗಳು ಸಹಜವಾದ ಸಾಲುಗಳನ್ನು ಬಿಟ್ಟು ಅಡ್ಡಾದಿಡ್ಡಿಯಾಗಿ ಗುಂಪುಗೂಡಿರುವುವು. ಕೆಲವು ಕೋಶಗಳಲ್ಲಿ ಒಂದರ ಬದಲು ಎರಡು ಕೋಶಕೇಂದ್ರಗಳು ಇರುವುವು. ಅವುಗಳ ನಡುವೆ ಗ್ಲಯಾ ಕೋಶಗಳು ಹೆಣೆದುಕೊಂಡಿರುವುವು. ಅಲ್ಲಲ್ಲಿ ಸುಣ್ಣದ ಕಣಗಳು ಶೇಖರವಾಗಿರುವುದೂ ಉಂಟು.

ಇದು ಏಕೆ ಹುಟ್ಟುವುದು? ಗ್ಯಾಂಗ್ಲಿಯೊಗ್ಲಯೋಮಾಗಳಲ್ಲಿ ಅನೇಕವುಗಳಲ್ಲಿ ‘ಬಿ-ರಾಫ್’ ಎಂಬ ಜೀನಿನಲ್ಲಿ ಒಂದು ದೋಷ ಕಂಡುಬಂದಿದೆ. ಆ ಜೀನು ತಯಾರಿಸುವ ಪ್ರೋಟೀನಿನಲ್ಲಿ ೬೦೦ನೆಯ ಸ್ಥಾನದಲ್ಲಿರಬೇಕಾದ ವ್ಯಾಲಿನ್ ಎಂಬ ಅಮೈನೊ ಆಮ್ಲದ ಬದಲಿಗೆ ಗ್ಲುಟಾಮಿಕ್ ಆಮ್ಲವು ಬಂದು ಕುಳಿತಿರುವುದು. ಇಷ್ಟರಿಂದಲೇ ‘ಬೆಳೆ’ ಎಂಬ ಆಜ್ಞೆಯು ನಿಲ್ಲದೆ ಹೊರಡುವುದು. ಈ ದೋಷವು ತಂದೆತಾಯಿಗಳಿಂದ ಬಂದುದಲ್ಲ. ಮೆದುಳು ರೂಪುಗೊಳ್ಳುವಾಗ ಒಂದು ಮೂಲಕೋಶದಲ್ಲಿ ಆಕಸ್ಮಿಕವಾಗಿ ಹುಟ್ಟಿದುದು. ಆ ಮೂಲಕೋಶದ ಮಕ್ಕಳಾದ ನರಕೋಶ, ಗ್ಲಯಾ ಎರಡಕ್ಕೂ ಅದು ಹಂಚಿಹೋಗುವುದು.

೨೦೧೮ರಲ್ಲಿ ದಕ್ಷಿಣ ಕೊರಿಯದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗವು ಇದನ್ನು ಚೆನ್ನಾಗಿ ಬೆಳಗಿಸಿತು. ಇದೇ ದೋಷವು ನರಕೋಶದ ಸಂತತಿಯಲ್ಲಿದ್ದಾಗ ಇಲಿಗೆ ಮೂರ್ಛೆ ಬಂದಿತು. ಗ್ಲಯಾ ಸಂತತಿಯಲ್ಲಿದ್ದಾಗ ಗಂತಿ ಬೆಳೆಯಿತು. ದೋಷ ಒಂದೇ, ಫಲ ಎರಡು. ಮಿಶ್ರಗಂತಿಯ ನರಕೋಶದ ಪಾಲು ಮೂರ್ಛೆಯನ್ನೂ, ಗ್ಲಯಾದ ಪಾಲು ಬೆಳವಣಿಗೆಯನ್ನೂ ಹೊತ್ತಿರುವುದೆಂದು ಇದರಿಂದ ಊಹಿಸಬಹುದು. ವಂಶದ ಶಾಪ, ಪೂರ್ವಜನ್ಮದ ಕರ್ಮ ಎಂಬ ಮಾತುಗಳಿಗೆ ಇಲ್ಲಿ ಎಡೆಯೇ ಇಲ್ಲ.

ಕಾಣದುದನ್ನು ಕಾಣುವ ಬಗೆ

ತಲೆಬುರುಡೆಯ ಒಳಗಿರುವ ಕಡಲೆಕಾಯಿಯಷ್ಟು ಗಾತ್ರದ ಗಂತಿಯನ್ನು ಬುರುಡೆ ತೆರೆಯದೆ ಕಾಣುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟುದು ಭೌತವಿಜ್ಞಾನ.

ಮೊದಲನೆಯ ಸಾಧನ ಮೆದುಳಿನ ವಿದ್ಯುಲ್ಲೇಖ. ಜರ್ಮನಿಯ ಹಾನ್ಸ್ ಬರ್ಗರ್ ೧೯೨೪ರಲ್ಲಿ ಮನುಷ್ಯನ ನೆತ್ತಿಯ ಮೇಲಿನಿಂದ ಮೆದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸಿ, ೧೯೨೯ರಲ್ಲಿ ಪ್ರಕಟಿಸಿದನು. ಆ ತರಂಗಗಳ ಎತ್ತರ ಕೆಲವು ಹತ್ತು ಮೈಕ್ರೊವೋಲ್ಟುಗಳು, ಎಂದರೆ ಟಾರ್ಚಿನ ಶುಷ್ಕಕೋಶದ ವಿಭವದ ಸುಮಾರು ೩೦,೦೦೦ದಲ್ಲಿ ಒಂದು ಪಾಲು. ಮೂರ್ಛೆ ಹುಟ್ಟುವ ಸ್ಥಳದ ಬಳಿ ಈ ಲೇಖದಲ್ಲಿ ಚೂಪಾದ ಮುಳ್ಳಿನಂಥ ಗೆರೆಗಳು ಕಾಣಬಹುದು. ಕಿಡಿಯು ಯಾವ ದಿಕ್ಕಿನಲ್ಲಿದೆ ಎಂಬುದನ್ನು ವಿದ್ಯುಲ್ಲೇಖ ಸೂಚಿಸುವುದು. ಅಲ್ಲಿ ಏನಿದೆ ಎಂಬುದನ್ನು ಅದು ಹೇಳಲಾರದು.

ಎರಡನೆಯದು ಸಿ.ಟಿ. ಸ್ಕ್ಯಾನ್. ೧೮೯೫ರಲ್ಲಿ ರಂಟ್‌ಗೆನ್ ಕಂಡುಹಿಡಿದ ಕ್ಷ-ಕಿರಣವು ಮೂಳೆಯನ್ನು ತೋರಿಸುವಷ್ಟು ಚೆನ್ನಾಗಿ ಮೆದುಳನ್ನು ತೋರಿಸುವುದಿಲ್ಲ. ಕಿರಣವನ್ನು ತಲೆಯ ಸುತ್ತ ಹಲವು ಕೋನಗಳಿಂದ ಹಾಯಿಸಿ, ಎಲ್ಲಿ ಎಷ್ಟು ಹೀರಲ್ಪಟ್ಟಿತೆಂಬುದನ್ನು ಗಣಕಯಂತ್ರದಿಂದ ಲೆಕ್ಕ ಹಾಕಿದರೆ ಒಳಗಿನ ಅಡ್ಡಕೊಯ್ತದ ಚಿತ್ರ ದೊರೆಯುವುದು. ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ನಿರ್ಮಿಸಿದ ಯಂತ್ರದಿಂದ ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊತ್ತಮೊದಲ ರೋಗಿಯ ಚಿತ್ರ ತೆಗೆಯಲಾಯಿತು. ಆ ರೋಗಿಗೆ ಇದ್ದುದೂ ಮೆದುಳಿನ ಗಂತಿಯೇ. ಹೌನ್ಸ್‌ಫೀಲ್ಡನಿಗೂ, ಇದರ ಗಣಿತವನ್ನು ರಚಿಸಿದ ಭೌತವಿಜ್ಞಾನಿ ಆಲನ್ ಕಾರ್ಮ್ಯಾಕನಿಗೂ ೧೯೭೯ರ ನೊಬೆಲ್ ಪಾರಿತೋಷಕ ಸಂದಿತು. ಗಂತಿಯಲ್ಲಿ ಸುಣ್ಣದ ಕಣಗಳಿದ್ದರೆ ಸಿ.ಟಿ. ಚಿತ್ರದಲ್ಲಿ ಅವು ಸ್ಪಷ್ಟವಾಗಿ ಬೆಳಗುವುವು. ಆದರೆ ಚಿಕ್ಕ ಮಿಶ್ರಗಂತಿಯು ಈ ಚಿತ್ರದಲ್ಲಿ ತಪ್ಪಿಸಿಕೊಳ್ಳುವುದೂ ಉಂಟು.

ಮೂರನೆಯದಾದ ಎಂ.ಆರ್.ಐ. ಇವೆಲ್ಲಕ್ಕಿಂತ ಸೂಕ್ಷ್ಮವಾದುದು. ನಮ್ಮ ದೇಹದ ಬಹುಪಾಲು ನೀರು; ನೀರಿನಲ್ಲಿ ಜಲಜನಕ; ಜಲಜನಕದ ಪರಮಾಣುವಿನ ನಡುವೆ ಒಂದು ಪ್ರೋಟಾನು. ಪ್ರೋಟಾನು ಒಂದು ಚಿಕ್ಕ ಕಾಂತದಂತೆ ವರ್ತಿಸುವುದು. ಅದನ್ನು ಪ್ರಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ, ಓಲಾಡುವ ಬುಗುರಿಯ ಅಕ್ಷದಂತೆ ಒಂದು ನಿಶ್ಚಿತ ಆವೃತ್ತಿಯಲ್ಲಿ ಸುತ್ತುವುದು. ಕ್ಷೇತ್ರ ಒಂದು ಟೆಸ್ಲಾ ಇದ್ದರೆ ಆವೃತ್ತಿ ಸೆಕೆಂಡಿಗೆ ೪೨.೫೮ ದಶಲಕ್ಷ, ಎಂದರೆ ೪೨.೫೮ ಮೆಗಾಹರ್ಟ್ಸ್. ಅದೇ ಆವೃತ್ತಿಯ ರೇಡಿಯೋ ತರಂಗವನ್ನು ಬಿಟ್ಟರೆ ಮಾತ್ರ ಪ್ರೋಟಾನು ಅದಕ್ಕೆ ಓಗೊಡುವುದು. ಇದಕ್ಕೆ ಅನುರಣನವೆಂದು ಹೆಸರು.

ನಮ್ಮ ಕಡೆಯ ಮನೆಗಳಲ್ಲಿ ಮೈಸೂರು ಆಕಾಶವಾಣಿಯನ್ನು ಕೇಳಲು ಎಫ್.ಎಂ. ರೇಡಿಯೋದ ಮುಳ್ಳನ್ನು ೧೦೦.೬ ಮೆಗಾಹರ್ಟ್ಸಿಗೆ ತಿರುಗಿಸುತ್ತೇವೆ. ಬೇರೆ ಕಡೆ ತಿರುಗಿಸಿದರೆ ಮೈಸೂರು ಕೇಳಿಸದು. ಪ್ರೋಟಾನನ್ನು ಆಕಾಶವಾಣಿಯ ಆವೃತ್ತಿಯಲ್ಲಿಯೇ ಓಲಾಡಿಸಬೇಕಾದರೆ ಎಷ್ಟು ಕ್ಷೇತ್ರ ಬೇಕು? ೧೦೦.೬ನ್ನು ೪೨.೫೮ರಿಂದ ಭಾಗಿಸಿರಿ: ಸುಮಾರು ೨.೩೬ ಟೆಸ್ಲಾ. ಆಸ್ಪತ್ರೆಗಳಲ್ಲಿರುವ ಯಂತ್ರಗಳು ಸಾಮಾನ್ಯವಾಗಿ ೧.೫ ಅಥವಾ ೩ ಟೆಸ್ಲಾದವು. ಅವುಗಳ ಆವೃತ್ತಿ ಸುಮಾರು ೬೪ ಮತ್ತು ೧೨೮ ಮೆಗಾಹರ್ಟ್ಸ್. ಮೈಸೂರು ನಿಲಯದ ಮುಳ್ಳು ಇವೆರಡರ ನಡುವೆ ನಿಲ್ಲುವುದು. ನಮ್ಮ ಸೀಮೆಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು ೪೦ ಮೈಕ್ರೊಟೆಸ್ಲಾ ಮಾತ್ರ, ಆದುದರಿಂದ ೧.೫ ಟೆಸ್ಲಾ ಎಂದರೆ ಅದರ ಸುಮಾರು ೩೭,೦೦೦ ಪಾಲು.

ರೇಡಿಯೋ ತರಂಗವನ್ನು ನಿಲ್ಲಿಸಿದ ಮೇಲೆ ಪ್ರೋಟಾನುಗಳು ತಾವೇ ಒಂದು ಕ್ಷೀಣವಾದ ಸಂಕೇತವನ್ನು ಹೊರಡಿಸುತ್ತ ಮೆಲ್ಲಮೆಲ್ಲನೆ ಶಾಂತವಾಗುವುವು. ಅಂಗಾಂಶಕ್ಕೆ ಬಿಗಿಯಾಗಿ ಅಂಟಿದ ನೀರಿನ ಸಂಕೇತ ಬೇಗ ಅಡಗುವುದು. ಸಡಿಲವಾಗಿರುವ ನೀರಿನ ಸಂಕೇತ ಹೆಚ್ಚು ಹೊತ್ತು ಉಳಿಯುವುದು. ಗಂತಿಯಲ್ಲಿಯೂ ಅದರ ಬದಿಯ ದ್ರವದ ಚೀಲದಲ್ಲಿಯೂ ನೀರು ಸಡಿಲ. ಆದುದರಿಂದ ತಕ್ಕ ಸಮಯಕ್ಕೆ ಸಂಕೇತವನ್ನು ಹಿಡಿದರೆ, ಸುತ್ತಣ ಮೆದುಳು ಮಂಕಾಗಿದ್ದು ಗಂತಿಯು ಬಿಳಿಯ ಮಚ್ಚೆಯಂತೆ ಎದ್ದು ಕಾಣುವುದು. ಈ ವಿಧಾನಕ್ಕೆ ೧೯೪೬ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ತಳಹದಿ ಹಾಕಿದರು. ೧೯೭೩ರಲ್ಲಿ ಪಾಲ್ ಲಾಟರ್ಬರ್ ಇದರಿಂದ ಚಿತ್ರ ತೆಗೆಯುವ ದಾರಿಯನ್ನು ತೋರಿಸಿದನು. ಅವನಿಗೂ ಪೀಟರ್ ಮ್ಯಾನ್ಸ್‌ಫೀಲ್ಡನಿಗೂ ೨೦೦೩ರ ನೊಬೆಲ್ ಪಾರಿತೋಷಕ ಬಂದಿತು. ಇದರಲ್ಲಿ ಕ್ಷ-ಕಿರಣದ ಬಳಕೆ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಚಿತ್ರದ ಪದರಗಳು ದಪ್ಪವಾಗಿದ್ದರೆ ಚಿಕ್ಕ ಗಂತಿಯು ಎರಡು ಪದರಗಳ ನಡುವೆ ಮರೆಯಾಗಬಹುದು. ಮೂರ್ಛೆಗಾಗಿಯೇ ತೆಗೆಯುವ ಎಂ.ಆರ್.ಐ.ಯಲ್ಲಿ ಟೆಂಪೊರಲ್ ಹಾಲೆಯನ್ನು ತೆಳುವಾದ ಪದರಗಳಾಗಿ ನೋಡುವರು. ಹಿಂದೆ ತೆಗೆದ ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದ ಮಾತ್ರಕ್ಕೆ ಏನೂ ಇಲ್ಲವೆಂದು ಹೇಳಲಾಗದು.

ಚಿಕಿತ್ಸೆ

ಗಂತಿ ಸಿಕ್ಕಿದ ಮೇಲೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಮಾತು, ನೆನಪು, ಕೈಕಾಲುಗಳ ಚಲನೆ ಇವುಗಳ ಕೇಂದ್ರಗಳಿಗೆ ಪೆಟ್ಟಾಗದಂತೆ ಗಂತಿಯನ್ನು ಪೂರ್ಣವಾಗಿ ತೆಗೆಯುವುದೇ ಗುರಿ. ಹೀಗೆ ತೆಗೆಸಿಕೊಂಡವರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಮೂರ್ಛೆಯಿಂದ ಮುಕ್ತರಾಗುವರೆಂದು ಅನೇಕ ದೇಶಗಳ ಅನುಭವ ತೋರಿಸಿದೆ. ಪೂರ್ಣವಾಗಿ ತೆಗೆದಾಗಲೂ, ಮೂರ್ಛೆ ಆರಂಭವಾದ ಬಳಿಕ ಹೆಚ್ಚು ವರ್ಷ ಕಳೆಯದೆ ತೆಗೆದಾಗಲೂ ಫಲ ಇನ್ನೂ ಉತ್ತಮ. ಗಂತಿಯು ಮಾರಕ ರೂಪಕ್ಕೆ ತಿರುಗುವುದು ವಿರಳ. ಆದರೂ ಆಗಾಗ ಚಿತ್ರ ತೆಗೆದು ನೋಡುತ್ತಿರಬೇಕು.

ಗಂತಿಯೇ ಆಗಲಿ ಬೇರೆ ಕಾರಣವೇ ಆಗಲಿ, ಔಷಧಕ್ಕೆ ಮಣಿಯದ ಮೂರ್ಛೆಗೆ ಶಸ್ತ್ರಚಿಕಿತ್ಸೆ ಎಷ್ಟು ಉಪಯುಕ್ತವೆಂಬುದಕ್ಕೆ ನಮ್ಮ ದೇಶದಲ್ಲಿಯೇ ಪ್ರಮಾಣ ದೊರೆತಿದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ೧೧೬ ಮಕ್ಕಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದ ಫಲಿತಾಂಶ ೨೦೧೭ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ, ಶಸ್ತ್ರಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ೭೭ ಮಂದಿಗೆ ಮೂರ್ಛೆ ನಿಂತಿದ್ದಿತು. ಬರಿಯ ಔಷಧದಲ್ಲಿದ್ದವರಲ್ಲಿ ನೂರಕ್ಕೆ ೭ ಮಂದಿಗೆ ಮಾತ್ರ. ಇನ್ನು, ತೆಗೆಯಲಾಗದ ಸ್ಥಳದಲ್ಲಿ ಗಂತಿಯಿದ್ದು ಅದರಲ್ಲಿ ಬಿ-ರಾಫ್ ದೋಷವಿದ್ದರೆ, ಆ ದೋಷವನ್ನೇ ಗುರಿಯಿಟ್ಟು ತಡೆಯುವ ಔಷಧಗಳೂ ಬಂದಿವೆ. ಅಂಥ ಎರಡು ಔಷಧಗಳನ್ನು ಜೊತೆಯಾಗಿ ಮಕ್ಕಳ ಕೆಳದರ್ಜೆಯ ಗ್ಲಯಾ ಗಂತಿಗಳಿಗೆ ಬಳಸಲು ಅಮೆರಿಕದಲ್ಲಿ ೨೦೨೩ರಲ್ಲಿ ಅನುಮತಿ ದೊರೆಯಿತು.

ಕರ್ನಾಟಕದಲ್ಲಿ ಮೆದುಳಿನ ರೋಗಗಳ ಚಿಕಿತ್ಸೆಗೆ ಹೆಸರಾದುದು ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿದ್ದ ಮಾನಸಿಕ ಆಸ್ಪತ್ರೆಯೂ, ೧೯೫೪ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ೧೯೭೪ರಲ್ಲಿ ಒಂದುಗೂಡಿ ಇದು ರೂಪುಗೊಂಡಿತು. ೧೯೯೫ರಲ್ಲಿ ಅಲ್ಲಿ ಸಂಶೋಧನೆಗಾಗಿ ಮಾನವ ಮೆದುಳುಗಳನ್ನು ಸಂರಕ್ಷಿಸುವ ಭಂಡಾರವೂ ಸ್ಥಾಪಿತವಾಯಿತು. ನಮ್ಮ ಜಿಲ್ಲೆಯವರಿಗೆ ಮೊದಲ ಮೆಟ್ಟಿಲು ಹತ್ತಿರದಲ್ಲಿಯೇ ಇದೆ: ತಾಲ್ಲೂಕು ಆಸ್ಪತ್ರೆ, ಚಾಮರಾಜನಗರದಲ್ಲಿ ೨೦೧೬ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು, ಮೈಸೂರಿನ ಕೆ.ಆರ್. ಆಸ್ಪತ್ರೆ.

ವಿದ್ಯಾರ್ಥಿಗಳು ಗಮನಿಸಬೇಕಾದುದು

ಮೂರ್ಛೆ ಬಂದವರಿಗೆಲ್ಲ ಗಂತಿ ಇದೆಯೆಂದು ಯಾರೂ ತಿಳಿಯಬಾರದು. ನಮ್ಮ ದೇಶದಲ್ಲಿ ಲಾಡಿಹುಳುವಿನ ಮರಿಗಳು ಮೆದುಳಿನಲ್ಲಿ ನೆಲೆಸುವುದು, ಕ್ಷಯದ ಗಂಟು ಮುಂತಾದ ಕಾರಣಗಳು ಮಿಶ್ರಗಂತಿಗಿಂತ ಎಷ್ಟೋ ಪಾಲು ಹೆಚ್ಚು. ಅವು ಔಷಧದಿಂದಲೇ ಗುಣವಾಗಬಲ್ಲವು. ಸ್ನಾನದಲ್ಲಿ ನೆತ್ತಿಯ ಮೇಲೆ ಬಿಸಿನೀರು ಸುರಿದುಕೊಂಡಾಗ ಬರುವ ಒಂದು ಬಗೆಯ ಮೂರ್ಛೆಯು ದಕ್ಷಿಣ ಕರ್ನಾಟಕದಲ್ಲಿ ವಿಶೇಷವಾಗಿ ಕಂಡುಬಂದಿದೆ. ಅದರಲ್ಲಿಯೂ ಸಾಮಾನ್ಯವಾಗಿ ಗಂತಿ ಇರುವುದಿಲ್ಲ. ಅನೇಕರಲ್ಲಿ ಯಾವ ಕಾರಣವೂ ಚಿತ್ರದಲ್ಲಿ ಕಾಣುವುದಿಲ್ಲ. ಕಾರಣವನ್ನು ವಿಂಗಡಿಸುವುದು ವೈದ್ಯರ ಕೆಲಸ. ವೈದ್ಯರ ಬಳಿಗೆ ತಲಪಿಸುವುದು ನಮ್ಮ ಕೆಲಸ. ಕೊಡುತ್ತಿರುವ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಎಂದಿಗೂ ನಿಲ್ಲಿಸಬಾರದು.

ಎದುರಿಗೇ ಯಾರಿಗಾದರೂ ಮೂರ್ಛೆ ಬಂದರೆ ಹೀಗೆ ಮಾಡಿರಿ. ಸುತ್ತಲಿನ ಚೂಪಾದ ವಸ್ತುಗಳನ್ನು ಸರಿಸಿ, ಅವರನ್ನು ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ. ಕೊರಳ ಬಳಿಯ ಬಟ್ಟೆಯನ್ನು ಸಡಿಲಿಸಿರಿ. ಕೈಕಾಲುಗಳನ್ನು ಅದುಮಿ ಹಿಡಿಯಬೇಡಿ. ಬಾಯಿಯೊಳಗೆ ನೀರು, ಚಮಚ, ಬೆರಳು ಏನನ್ನೂ ಹಾಕಬೇಡಿ. ಗಡಿಯಾರವನ್ನು ನೋಡಿರಿ; ಐದು ನಿಮಿಷಗಳನ್ನು ದಾಟಿದರೆ ೧೦೮ಕ್ಕೆ ಕರೆ ಮಾಡಿರಿ. ಕೈಗೆ ಕಬ್ಬಿಣವನ್ನೋ ಬೀಗದ ಕೈಗೊಂಚಲನ್ನೋ ಕೊಡುವ ವಾಡಿಕೆಯಿದೆ. ಮೂರ್ಛೆಯು ಒಂದೆರಡು ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುವುದರಿಂದ ಕಬ್ಬಿಣಕ್ಕೆ ಆ ಕೀರ್ತಿ ಬಂದಿದೆಯೇ ಹೊರತು, ಅಂಗೈಯ ಕಬ್ಬಿಣವು ಮೆದುಳಿನ ಅಯಾನುಗಳನ್ನು ಏನೂ ಮಾಡಲಾರದು.

ಮೊದಲು ಹೇಳಿದ ಹುಡುಗನ ಬಳಿಗೆ ಮತ್ತೊಮ್ಮೆ ಹೋಗೋಣ. ಅವನು ಎರಡು ಔಷಧಗಳನ್ನು ಕ್ರಮವಾಗಿ ಸೇವಿಸಿಯೂ ಮೂರ್ಛೆ ಮರುಕಳಿಸುತ್ತಿದ್ದರೆ, ‘ಮೂರ್ಛೆಗಾಗಿಯೇ ತೆಗೆಯುವ ಎಂ.ಆರ್.ಐ. ಆಗಿದೆಯೇ?’ ಎಂಬ ಒಂದು ಪ್ರಶ್ನೆಯನ್ನು ಅವನ ಮನೆಯವರು ವೈದ್ಯರಿಗೆ ಕೇಳಬೇಕು. ಆ ಪ್ರಶ್ನೆಯನ್ನು ಅವರಿಗೆ ತಿಳಿಸುವವನು ಅವನ ಪಕ್ಕದಲ್ಲಿ ಕುಳಿತ ಗೆಳೆಯನೇ ಆಗಬಹುದು. ಹುಡುಗನ ನೋಟ ನೆಟ್ಟು ನಿಂತದ್ದನ್ನೂ, ತುಟಿ ಆಡಿದ್ದನ್ನೂ, ಎಷ್ಟು ನಿಮಿಷವೆಂಬುದನ್ನೂ ಕಣ್ಣಾರೆ ಕಂಡವನು ಅವನು. ರೋಗಿಗೆ ತನ್ನ ಮೂರ್ಛೆಯ ನೆನಪಿರದು. ಕಂಡವನು ಹೇಳುವ ಮಾತೇ ವೈದ್ಯರಿಗೆ ಮೊದಲ ಆಧಾರ. ಆದುದರಿಂದ ನಗದೆ, ಹೆದರದೆ, ಚೆನ್ನಾಗಿ ಗಮನಿಸಿರಿ. ಕಂಡುದನ್ನು ಕಂಡಂತೆ ಬರೆದು ಅವನ ಮನೆಯವರ ಕೈಗೆ ಕೊಡಿರಿ.